ಅಮ್ಮನ ಹಸಿರು ಕಾರು

ಎಮ್ಲಿನ್,

ನಿನ್ನನ್ನು ಎಬ್ಬಿಸಿದರೆ ಕೈ ಮಾಡಿಬಿಟ್ಟೇನು ಎಂದು ಚೀಟಿ ಬರೆದಿಡುತ್ತಿದ್ದೇನೆ.

ಮನೆಯಲ್ಲೇ ಕಾರು ಕಟ್ಟುತ್ತೇನೆಂದು ನೀನು ತರಿಸಿದ ಚೌಕಟ್ಟನ್ನು ಈಗಷ್ಟೇ ಟೇಪು ಹಿಡಿದು ಅಳೆದೆ. ಸೀಟುಗಳ ನಡುವೆ ನೆಲ ಚಪ್ಪಟೆಯಾಗಿದೆ. ಮುಂದಿನ ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದ ದಂಡಕ್ಕೆ ಜಾಗವೇ ಇಲ್ಲ. ಇದರಲ್ಲಿ ಎಂಜಿನ್ ಸೀಟಿನ ಹಿಂದೆ ಅಡ್ಡಡ್ಡ ಕೂರಬೇಕು. ಮುಂದಿನ ಚಕ್ರಗಳಿಂದ ಓಡುವ ಸಾಧಾರಣ ಕಾರಿನದ್ದನ್ನು ಗೇರ್‌ಬಾಕ್ಸ್ ಸಮೇತ ಎತ್ತಿ ಹಿಂದಕ್ಕೆ ಇಟ್ಟರೆ ಮುಗಿಯಿತು. ಅಂದರೆ ಅಮ್ಮನ ಹಸಿರು ಕಾರು! ನಿನ್ನೆ ಗುಜರಿಗೆ ಕಳಿಸಿದೆಯಲ್ಲ, ಅದೇ.

"ನನ್ನ ಕಾರೇ ಸರಿಹೋಗುತ್ತೆ ಕಣೋ" ಎಂದು ಅಮ್ಮ ಹೇಳಿದ್ದಕ್ಕೆ, "ಅದು ತರಕಾರಿ ತರೋ ಗಾಡಿ ಕಣಮ್ಮ, ನಿಂಗಿದೆಲ್ಲ ಗೊತ್ತಾಗಲ್ಲ, ಹೋಗಿ ಟೀ ಮಾಡು" ಅಂದೆಯಂತೆ. ಚೌಕಟ್ಟಿನ ಜೊತೆ ಬಂದ ಕೈಪಿಡಿಯ ಮೂರನೇ ಪುಟದಲ್ಲೇ ಚಿತ್ರ ಸಮೇತ ಇದೆಯೋ ದಡ್ಡ! ಅಮ್ಮ ಅದನ್ನು ಎರಡು ಸಲ ಓದಿದ್ದಾಳೆ. ನೀನು ಬಿಚ್ಚಿಯೂ ನೋಡಿಲ್ಲ.

ಗುಜರಿಯ ಗ್ವಿಲಿಮ್‌ಗೆ ಫೋನ್ ಮಾಡಿದೆ. "ಹತ್ತು ಗಂಟೆವರೆಗೂ ಕಾಯ್ತೀನಿ ನೆರಿಸ್, ಆಮೇಲೆ ಅಪ್ಪಚ್ಚಿ ಮಾಡಿಬಿಡ್ತೀನಿ" ಅಂದ. ಟ್ರೇಲರ್ ಕಟ್ಟಿಕೊಂಡು ಹೊರಟಿದ್ದೇನೆ.

ಹನ್ನೊಂದಕ್ಕೆ ಕಾರ್ಮಾರ್ಥೆನ್ ಊರಿನಿಂದ, ಈ ಚೌಕಟ್ಟಿಗೆಂದು ನೀನು ತರಿಸುತ್ತಿರುವ ಆ ಉದ್ದ ಎಂಜಿನ್ನಿನ ಕಾರು ಬರುತ್ತದೆ. ಗೇಟಿನಿಂದಲೇ ವಾಪಸ್ ಕಳಿಸು. ನಾಯಿಗೆ ತಿಂಡಿ ಹಾಕಿದ್ದೇನೆ, ಅದರ ನಾಟಕ ನಂಬಬೇಡ.

ಕೈಪಿಡಿ ಹುಡುಕಬೇಡ, ಅಮ್ಮನ ಚೀಲದಲ್ಲಿದೆ. ಅವಳೂ ನನ್ನ ಜೊತೆ ಬರುತ್ತಿದ್ದಾಳೆ. ಇನ್ನು ಮೇಲೆ ಎಂಜಿನ್ ಅವಳು ನೋಡಿಕೊಳ್ಳುತ್ತಾಳೆ.

ನೀನು ಹೋಗಿ ಟೀ ಮಾಡು.

ನಿನ್ನ ಅಕ್ಕ