ತ ಅಂದರೆ ತಿಪಟೂರು

ನೊಣವಿನಕೆರೆ
೧೨-೯-೧೯೭೯

ನನ್ನ ಪ್ರೀತಿಯ, ಪ್ರೀತಿಯ, ಪ್ರೀತಿಯ ಯಜಮಾನರಿಗೆ,

ಮೂರು ಸಲ ಬರೆದೆ ಎಂದು ನಗಬೇಡಿ. ಕಾಗದ ಮುಗಿಯುವ ಹೊತ್ತಿಗೆ ನಿಮಗೆ ನನ್ನ ಮೇಲಿನ ಪ್ರೀತಿ ಕಡಿಮೆಯಾಗಬಹುದು, ಅದಕ್ಕೇ ಮೊದಲೇ ಸ್ವಲ್ಪ ಹೆಚ್ಚು ಹಾಕಿದ್ದೇನೆ. ಹೇಗಿದ್ದೀರಿ? ಮಂಗಳೂರಿನ ಸೆಕೆಗೆ ಎದ್ದಿದ್ದ ಬೆವರುಸಾಲೆ ಹೋಯಿತೇ? ಕುಚ್ಚಲಕ್ಕಿ ಅನ್ನ ಹೊಟ್ಟೆಗೆ ಒಗ್ಗಿತೇ? ಬ್ಯಾಂಕಿನ ತರಬೇತಿಯಲ್ಲಿ ನಿದ್ದೆ ಬಂದರೆ ನನ್ನನ್ನು ನೆನೆಸಿಕೊಳ್ಳಿ (ಬಾರದಿದ್ದರೂ ನೆನೆಸಿಕೊಳ್ಳಿ!). ನಿಮ್ಮ ತಂಗಿ ಗಿರಿಜಾ ತಿಪಟೂರಿನ ಆಸ್ಪತ್ರೆಯಲ್ಲಿ ಮಗುವಿನ ಜೊತೆ ಆರಾಮವಾಗಿದ್ದಾಳೆ. ಮಗುವಿಗೆ ನಿಮ್ಮದೇ ಮೂಗು, ಪಾಪ. ನನ್ನ ಕನ್ನಡದ ತಪ್ಪುಗಳನ್ನು ಮಾತ್ರ ಹೋದ ಸಲದ ಹಾಗೆ ತಿದ್ದಿ ವಾಪಸು ಕಳಿಸಬೇಡಿ. ಈ ಸಲ ತಪ್ಪು ಕಾಗುಣಿತದ್ದಲ್ಲ.

ಅತ್ತೆಗೆ ಓದು ಕಲಿಸುತ್ತಿದ್ದೇನೆ ಎಂದು ಹೋದ ಕಾಗದದಲ್ಲಿ ಎಷ್ಟು ಜಂಬ ಕೊಚ್ಚಿಕೊಂಡಿದ್ದೆ! ಅವರಿಗೆ ಇದ್ದದ್ದು ಒಂದೇ ಆಸೆ. ಬಸ್‌ಸ್ಟ್ಯಾಂಡಿನಲ್ಲಿ ಇದು ಯಾವೂರಿಗಪ್ಪ ಎಂದು ಯಾರನ್ನೂ ಕೇಳದೆ, ಬೋರ್ಡು ತಾವೇ ಓದಿ ಬಸ್ಸು ಹತ್ತಬೇಕು. ಕಲಿಯುವವರಿಗೆ ಮೊದಲು ಸಣ್ಣ ಗೆಲುವಿನ ರುಚಿ ಹತ್ತಿಸಬೇಕು, ಕಷ್ಟದ್ದನ್ನು ತೋರಿಸಿದರೆ ಹೆದರಿ ಬಿಟ್ಟುಬಿಡುತ್ತಾರೆ ಎಂದು ನಾನು ಬಿ.ಎ.ಯಲ್ಲಿ ಸೈಕಾಲಜಿ ಓದಿದವಳಲ್ಲವೇ? ಸ್ಲೇಟಿನ ಮೇಲೆ ದೊಡ್ಡದಾಗಿ 'ತ' ಬರೆದು, ತ ಅಂದರೆ ತಿಪಟೂರು, ಇಷ್ಟು ಗುರುತು ಸಿಕ್ಕಿದರೆ ಸಾಕು, ಗುಡಿಸು ಕೊಂಬು ಎಲ್ಲ ಆಮೇಲೆ ನೋಡೋಣ ಅತ್ತೆ ಎಂದೆ. ಅವರ ಸಂತೋಷ ನೀವು ನೋಡಬೇಕಿತ್ತು ರೀ. ಮೊರದಲ್ಲಿ ಹರಡಿದ ರಾಗಿ ಹಿಟ್ಟಿನ ಮೇಲೂ ತ, ಒಲೆ ಮುಂದಿನ ಬೂದಿಯಲ್ಲೂ ತ.

ಸೋಮವಾರ ಮಾವನವರು ಕೊಬ್ಬರಿ ಹರಾಜಿಗೆಂದು ಬೆಳಿಗ್ಗೆಯೇ ಹೋಗಿಬಿಟ್ಟಿದ್ದರು. ಗಿರಿಜಾಳಿಗೆ ಬಾಣಂತಿ ಊಟ ತಲುಪಿಸಬೇಕಿತ್ತು. ನೀವೊಬ್ಬರೇ ಹೋಗಿ, ಈಗ ಓದಲು ಬರುತ್ತದಲ್ಲ ಎಂದು ನಾನೇ ಹುರಿದುಂಬಿಸಿ ಕಳಿಸಿದೆ. ಅವರು ಬೋರ್ಡು ನೋಡಿದರು, ತ ಕಂಡಿತು, ಹತ್ತಿದರು. ತುರುವೇಕೆರೆಯೂ ತ ಅಂತಲೇ ಶುರುವಾಗುತ್ತದೆ ಎಂದು ಈ ಮೈಸೂರಿನ ಜಾಣೆಗೆ ಹೊಳೆದೇ ಇರಲಿಲ್ಲ. ಬಸ್ಸು ಆ ಕಡೆಗೆ ಹೊರಳಿದ ಕೂಡಲೇ ಅತ್ತೆಗೆ ಗೊತ್ತಾಯಿತಂತೆ. ಆದರೆ ಜನರ ಮುಂದೆ ಇಳಿಯಲು ನಾಚಿಕೆಯಾಗಿ, ಅಲ್ಲಿಗೇ ಹೊರಟವರ ಹಾಗೆ ತುರುವೇಕೆರೆಗೇ ಟಿಕೆಟ್ ತೆಗೆದುಕೊಂಡರಂತೆ. ಅಲ್ಲಿ ಊಟದ ಕ್ಯಾರಿಯರ್ ಹಿಡಿದು ಸುಮ್ಮನೆ ನಿಂತಿದ್ದವರನ್ನು ನಮ್ಮ ಪಕ್ಕದ ಮನೆಯ ಪುಟ್ಟಗಂಗಮ್ಮ ಕಂಡು, ವಿಚಾರಿಸಿ, ಕರೆದುಕೊಂಡು ಬಂದರು.

ಇಲ್ಲಿಯವರೆಗೆ ನನ್ನದು ಬರಿಯ ದಡ್ಡತನ. ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಪುಟ್ಟಗಂಗಮ್ಮನ ಜಗಲಿಯಲ್ಲಿ ಹೆಂಗಸರೆಲ್ಲ ಸೇರಿದ್ದರು. "ನಿಮ್ಮತ್ತೆ ಬಸ್ ಓದ್ಕಂಡು ತುರುವೇಕೆರೆ ಸೇರವ್ರೆ ಕಣವ್ವ. ಅದೇನ್ ಕಲಿಸ್ದೆ, ಕಾನ್ವೆಂಟ್ ಮೇಡಮ್ಮು?" ಎಂದು ಆಕೆ ಕೇಳಿದಾಗ ಎಲ್ಲರೂ ನಕ್ಕರು. ನನಗೆ ಮುಖವೆಲ್ಲ ಉರಿಯಿತು. ನಾನು ಸರಿಯಾಗೇ ಹೇಳಿಕೊಟ್ಟಿದ್ದೆ, ಅತ್ತೆಗೇ ನೆನಪು ನಿಲ್ಲುವುದಿಲ್ಲ ಎಂದುಬಿಟ್ಟೆ. ಎಂದುಬಿಟ್ಟೆ ರೀ, ಅತ್ತೆಯ ಎದುರಿಗೇ! ಅತ್ತೆ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ನಂಬಿದರು. "ಹೂಂ ಕಣವ್ವ, ನನ್ ತಲೇಲಿ ಏನೂ ನಿಲ್ಲಲ್ಲ," ಎಂದು ಎದ್ದು ಮನೆಗೆ ಹೋದರು. ಸೋತವರಿಗೆ ನಿನ್ನ ತಲೆಯೇ ಮಂದ ಎಂದುಬಿಟ್ಟರೆ ಅವರು ಮತ್ತೆ ಪ್ರಯತ್ನವನ್ನೇ ಮಾಡುವುದಿಲ್ಲ ಎಂದು ಪುಟಗಟ್ಟಲೆ ಬರೆದು ಫಸ್ಟ್ ಕ್ಲಾಸ್ ತೆಗೆದುಕೊಂಡವಳು ನಾನು. ಈಗ ಸ್ಲೇಟು ಮಜ್ಜಿಗೆ ಗಡಿಗೆಯ ಮುಚ್ಚಳವಾಗಿದೆ. ನಿನ್ನೆ ಅತ್ತೆ ಮಾವನವರ ಹಿಂದೆ ತಲೆ ಬಗ್ಗಿಸಿಕೊಂಡು ಬಸ್ಸು ಹತ್ತಿದರು, ಬೋರ್ಡಿನ ಕಡೆ ನೋಡಲೇ ಇಲ್ಲ.

ಹೇಳಿಬಿಡಬೇಕು ಎಂದು ಅಡುಗೆಮನೆಗೆ ಹೋಗುತ್ತೇನೆ, ನೀರು ಕುಡಿದು ವಾಪಸು ಬರುತ್ತೇನೆ. ಹೊಟ್ಟೆ ತುಂಬಾ ನೀರೇ. ಅತ್ತೆ ಮಾವನ ಆಶೀರ್ವಾದ ನಿಮಗೆ ಎಂದಿನಂತೆ ಇದೆ. ನನಗೆ ಉಳಿದಿದೆಯೋ ಕಾಣೆ. ಕೋಪ ಬಂದರೆ ಕೋಪದ ಕಾಗದವನ್ನಾದರೂ ಬರೆಯಿರಿ, ಬರೆಯದೆ ಮಾತ್ರ ಇರಬೇಡಿ.

ನಿಮ್ಮವಳು, ನಿಮ್ಮವಳೇ,
ಸರ್ವಮಂಗಳಾ

ವಿ.ಸೂ.: ಹೇಳಿಬಿಟ್ಟೆ! ಗುಡಿಸು, ಕೊಂಬು, ಎರಡು ಊರು, ಎಲ್ಲ ಬರೆದು ತೋರಿಸಿದೆ. ತಪ್ಪು ನನ್ನದು, ನಿಮ್ಮದಲ್ಲ ಅತ್ತೆ ಎಂದೆ. ಎರಡೂ ಊರಿನ ಹೆಸರಿನ ಮೇಲೆ ಬೆರಳಾಡಿಸಿ ನೋಡಿದರು. "ಹಂಗಾರೆ ನನ್ ತಲೆ ನೆಟ್ಟಗೇ ಐತೆ ಅನ್ನು," ಎಂದರು. ನಾನು ಅಳುತ್ತಾ ಕಾಲಿಗೆ ಬಿದ್ದೆ. "ಅಳಾದು ಆಮೇಲೆ. ಆವತ್ತು ಹೇಳಿದ್ದು ಪುಟ್ಟಗಂಗಮ್ಮನ ಜಗಲೀಲಿ ಅಲ್ವಾ? ಇದ್ನೂ ಅಲ್ಲೇ ಹೇಳು, ನಡಿ." ಹೆಂಗಸರೆಲ್ಲ ಅಲ್ಲೇ ಕುಳಿತಿದ್ದಾರೆ, ಮಾತು ಇಲ್ಲಿಗೇ ಕೇಳಿಸುತ್ತಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾರೆ. ಹೊರಟೆ ರೀ.