ಶೇಷ ಉಳಿಯದ ಸಂಖ್ಯೆ

ಗಬ್ಬೂರು,
ಶ್ರಾವಣ ಸೋಮವಾರ, ೧೯೪೮

ಪ್ರೀತಿಯ ಅಣ್ಣ ಈರಯ್ಯನಿಗೆ ತಂಗಿ ಗುರುಶಾಂತಮ್ಮನ ಶರಣು.

ಕ್ಷೇಮವೆಂದು ಬರೆಯಲು ಕೈ ಬರುತ್ತಿಲ್ಲ. ಇವರನ್ನು ಪೊಲೀಸ್ ಅಮೀನ ಊರ ಚಾವಡಿಯಲ್ಲಿ ಕೂಡಿಹಾಕಿದ್ದಾನೆ. ನಾಳೆ ಜೇಲಿಗೆ ಒಯ್ಯುತ್ತಾರಂತೆ. ಈ ದಿನಗಳಲ್ಲಿ ಹಾಗೆ ಹೋದವರು ತಿರುಗಿ ಬಂದದ್ದನ್ನು ನಾನಂತೂ ನೋಡಿಲ್ಲ. ನೀನು ಕೆಲಸ ಮಾಡುವ ವಕೀಲರ ಕಾಲು ಹಿಡಿದಾದರೂ ಕರೆದುಕೊಂಡು ಬಾ. ನನಗೆ ಬಹಳ ಹೆದರಿಕೆಯಾಗಿದೆ.

ನಿನ್ನ ಭಾವನವರಿಗೆ ಊಟಕ್ಕಿಂತ ಲೆಕ್ಕವೇ ರುಚಿ, ನಿನಗೆ ಗೊತ್ತಲ್ಲ. ಇವತ್ತು ನಸುಕಿನಲ್ಲೇ ಎದ್ದು, ತಾವು ಕಲಿಸುವ ಶಾಲೆಯ ಮಕ್ಕಳು ಬಿಡಿಸಲಿ ಎಂದು ನಮ್ಮ ಬೀದಿಗೋಡೆಯ ಮೇಲೆ ಇದ್ದಿಲಿನಿಂದ ಬರೆದರು: ೨೩,೨೭,೯೨,೫೬೦. ಒಂದರಿಂದ ಇಪ್ಪತ್ತರವರೆಗೆ ಯಾವುದರಿಂದ ಭಾಗಿಸಿದರೂ ಏನೂ ಉಳಿಯುವುದಿಲ್ಲವಂತೆ. ಇದಕ್ಕಿಂತ ಚಿಕ್ಕ ಸಂಖ್ಯೆ ಯಾವುದಕ್ಕೂ ಆ ಗುಣವಿಲ್ಲವಂತೆ. ಹೊಸ ಸೀರೆ ತಂದವರಂತೆ ನನ್ನನ್ನು ಹೊರಗೆ ಕರೆದು ತೋರಿಸಿ, ಸ್ನಾನಕ್ಕೆ ಹೋದರು.

ಅಷ್ಟರಲ್ಲಿ ಅಮೀನ ಬಂದ. ಸರಕಾರದ ವಿರುದ್ಧ ಹೋರಾಡುವ ಗಡಿಯಾಚೆಯ ಶಿಬಿರದ ಹುಡುಗರಿಗೆ ಬರೆದ ಗುಟ್ಟಿನ ಸುದ್ದಿ ಇದು ಎಂದು ಕೂಗಾಡಿದ. ಇವರು ಒದ್ದೆ ತಲೆಯಲ್ಲೇ ಬಂದು ನಕ್ಕು, "ಇಪ್ಪತ್ತರ ತನಕ ಯಾವುದರಿಂದರ ಭಾಗಿಸಿ ನೋಡ್ರಿ ಸಾಹೇಬ್ರ, ಏನರ ಉಳಿದ್ರ ನನ್ನ ಹಿಡೀರಿ" ಎಂದರು. ನಾನು ಮಾತ್ರ ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಅಮೀನನ ಜೊತೆ ಬಂದಿದ್ದ ಗುಮಾಸ್ತ ಮುನ್ಷಿ ಗೋಡೆಯ ಸಂಖ್ಯೆಯನ್ನು ಪಾಟಿಗೆ ಇಳಿಸಿಕೊಂಡು ಕಟ್ಟೆಯ ಮೇಲೆ ಕುಳಿತ. ಏಳರಿಂದ ಭಾಗಿಸಿದ, ಒಂದು ಉಳಿಯಿತು. ಹನ್ನೊಂದರಿಂದ ಭಾಗಿಸಿದರೂ ಒಂದು. ಹದಿಮೂರಕ್ಕೂ ಅದೇ. "ಎಲ್ಲಾದ್ರಾಗೂ ಒಂದು ಉಳೀತದಲ್ಲ, ಆ ಒಬ್ಬ ಯಾಂವಲೇ?" ಎಂದು ಅಮೀನ ಇವರ ಕೊರಳಪಟ್ಟಿ ಹಿಡಿದ. ಇವರು ಬಿಡಿಸಿಕೊಂಡು ಗೋಡೆಯ ಹತ್ತಿರ ಹೋಗಿ ನೋಡಿದರು. ನಗು ಎಲ್ಲಿ ಹೋಯಿತೋ. ತಿರುಗಿ, "ನನ್ನ ಲೆಕ್ಕಾನ ತಪ್ಯಾದ್ರಿ" ಎಂದುಬಿಟ್ಟರು. ಅಮೀನನಿಗೆ ಅಷ್ಟೇ ಸಾಕಾಯಿತು.

ಲೆಕ್ಕ ಹೇಗೆ ತಪ್ಪಿತೋ ನಾನರಿಯೆ. ಟಪಾಲನ್ನು ನಂಬುವಂತಿಲ್ಲ. ಬಳೆಗಾರ್ತಿ ಮುನ್ನೀ ಬೀ ಈ ಕಾಗದವನ್ನು ಬಳೆಬುಟ್ಟಿಯ ತಳದಲ್ಲಿಟ್ಟು ರಾಯಚೂರಿಗೆ ತರುತ್ತಾಳೆ. ಓದಿ ಒಲೆಗೆ ಹಾಕು.

ನಿನ್ನ ದಾರಿ ಕಾಯುವ ತಂಗಿ,
ಗುರುಶಾಂತಮ್ಮ

ತಾ.ಕ.: ಅಣ್ಣಾ, ಸುಳ್ಳು ಬರೆದೆ. ಲೆಕ್ಕ ಸರಿಯಾಗಿಯೇ ಇತ್ತು. ನಮ್ಮವ್ವ ಮದುವೆಯಲ್ಲಿ ಮುಯ್ಯಿ ಮಾಡುವಾಗ, ಸೊನ್ನೆಗೆ ನಿಲ್ಲಿಸಿದರೆ ಅಪಶಕುನವೆಂದು ಮೇಲೊಂದು ರೂಪಾಯಿ ಇಡುತ್ತಿದ್ದಳಲ್ಲ. ಇಂಥ ಕೆಟ್ಟ ದಿನಗಳಲ್ಲಿ ಮನೆಯ ಗೋಡೆ ಸೊನ್ನೆಗೆ ಮುಗಿದದ್ದು ನೋಡಿ ನನಗೆ ಜೀವ ಹಾರಿತು. ಇವರು ಸ್ನಾನಕ್ಕೆ ಹೋದಾಗ ಕೊನೆಯ ಸೊನ್ನೆಯ ಕೆಳಭಾಗವನ್ನು ಬೆರಳಿನಿಂದ ಒರೆಸಿ ಅದನ್ನು ಒಂದು ಮಾಡಿದೆ. ಗೋಡೆ ನೋಡಿದ ಮೇಲೆ ಇವರು ನನ್ನ ಕರೀ ಬೆರಳು ನೋಡಿದರು. ಆಮೇಲೇ ತಮ್ಮ ಲೆಕ್ಕವೇ ತಪ್ಪೆಂಬ ಆ ಮಾತು ಹೇಳಿದ್ದು. ಬೆಳಗಾಗುವುದರೊಳಗೆ ನೀನು ಬರದಿದ್ದರೆ ನಾನೇ ಚಾವಡಿಗೆ ಹೋಗಿ ಹೇಳುತ್ತೇನೆ. ಮುನ್ನೀ ಬೀಯ ಸೆರಗು ಹಿಡಿದು ನಿನ್ನ ಬಾಗಿಲಲ್ಲಿ ನಿಂತಿರುವವಳು ನನ್ನ ಮಗಳು ಮಹಾಂತಮ್ಮ. ಅವಳನ್ನು ನಿನ್ನ ಹತ್ತಿರವೇ ಇಟ್ಟುಕೋ, ಇಲ್ಲಿಗೆ ಕರೆತರಬೇಡ.