ಅವರು ಒಬ್ಬರೇ ಇದ್ದರು

ಮಂಗಳವಾರ, ಸೆಪ್ಟೆಂಬರ್ 9

ಪ್ರೀತಿಯ ಕ್ರೇನ್ ಸಾಹೇಬರಿಗೆ,

ನಮಸ್ಕಾರ. ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಅಮ್ಮನ ಮಂಡಿನೋವು ನಮಗಿಂತಲೂ ಚೆನ್ನಾಗಿದೆ, ದಿನೇ ದಿನೇ ಮೈ ತುಂಬಿಕೊಳ್ಳುತ್ತಿದೆ. ನೀವು, ನೀವು ಕಟ್ಟುತ್ತಿರುವ ಸೇತುವೆ, ನಿಮ್ಮ ಕೋಣೆಯಲ್ಲಿರುವ ವೆಲ್ಡರ್ ಅಣ್ಣ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕಳೆದ ಎರಡು ಭಾನುವಾರ ನೀವು ಫೋನ್ ಮಾಡಿದಾಗ ನಾನು ಎತ್ತಲಿಲ್ಲ. ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಎಂದು ಮಗಳ ಕೈಲಿ ಹೇಳಿಸಿದೆ. ಎರಡನೆಯ ಸಲವೂ ಆ ಪುಣ್ಯಾತ್ಗಿತ್ತಿ ಅದನ್ನೇ ಹೇಳಿದಳಂತೆ. ಹೋದ ವಾರ ಒಳಗೆ ಹೋದವಳು ಇನ್ನೂ ಹೊರಗೆ ಬಂದಿಲ್ಲವೇ ಎಂದು ನೀವು ಗಾಬರಿಯಾಗಿದ್ದರೆ ಕ್ಷಮಿಸಿ. ಫೋನಿನಲ್ಲಿ ನನ್ನ ಮಾತು ಹಳಿ ತಪ್ಪುತ್ತದೆ, ಬರೆದರೆ ಸಾಲಿನಲ್ಲಿ ನಿಲ್ಲುತ್ತದೆ. ಅದಕ್ಕೇ ಪತ್ರ.

ನಾನು ಫೇಲಾದದ್ದು ನಿಮಗೆ ಗೊತ್ತು. ಯಾಕೆ ಫೇಲಾದೆ ಎಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ಕೂತು ಓದಿ, ಕ್ರೇನ್ ಮೇಲಲ್ಲ.

ನಮ್ಮ ಆಸ್ಪತ್ರೆಯ ವಿಚಾರಣೆ ಮೇಜಿನ ಹಿರಿಯ ಮೇಡಂ ಈ ವರ್ಷದ ಕೊನೆಗೆ ನಿವೃತ್ತರಾಗುತ್ತಾರೆ. ಅವರ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ನಾನು ಎಷ್ಟು ಕಾಲದಿಂದ ಕೂತಿದ್ದೇನೆಂದರೆ, ಅದರ ಸ್ಪಂಜಿಗೂ ನನ್ನ ಗುರುತಿದೆ. ಆಡಳಿತಾಧಿಕಾರಿ ಹೋದ ವರ್ಷವೇ ಕರೆದು ಹೇಳಿದ್ದರು: "ನೋಡಿಮ್ಮ, ಕೆಲಸ ನಿಮಗೆ ಬರುತ್ತೆ, ಅದು ನಮಗೂ ಗೊತ್ತು. ಆದ್ರೆ ಆಸ್ಪತ್ರೆ ಆಡಳಿತದ ಡಿಪ್ಲೊಮಾ ಇಲ್ದೆ ಆ ಕುರ್ಚಿ ಕೊಡೋ ಹಾಗಿಲ್ಲ. ನೀವು ಮಾಡ್ಕೊಳ್ಳದಿದ್ರೆ ಹೊರಗಿಂದ ಯಾರನ್ನಾದ್ರೂ ತರ್ತೀವಿ." ಹಾಗಾಗಿ ನಾನು, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಪುಸ್ತಕಕ್ಕೆ ಕೈ ಮುಗಿದಿದ್ದವಳು, ಇಂಗ್ಲಿಷಿನ ಆನ್‌ಲೈನ್ ಕೋರ್ಸಿಗೆ ಸೇರಿದೆ. ಲಾಗಿನ್ ಆದರೆ ಕರೆಂಟಿಲ್ಲ, ಕರೆಂಟ್ ಬಂದರೆ ನೆಟ್ಟಿಲ್ಲ, ಎರಡೂ ಬಂದರೆ ಪುರುಸೊತ್ತಿಲ್ಲ. ಆದರೂ ಮೊದಲ ಪರೀಕ್ಷೆಗಳನ್ನು ಪಾಸು ಮಾಡಿಕೊಂಡೆ. ಮುಗ್ಗರಿಸಿದ್ದು ಪ್ರಾಜೆಕ್ಟಿನಲ್ಲಿ.

ನಮ್ಮ ಮೇಜಿಗೆ ಬಂದ ದೂರುಗಳನ್ನೇ ಅಧ್ಯಯನ ಮಾಡಿ ವರದಿ ಬರೆದಿದ್ದೆ. ಯಾರು ಬಂದರು, ಏನು ಕೇಳಿದರು, ಎಷ್ಟು ಕಾದರು, ನಾವು ಏನು ಮಾಡಿದೆವು ಎಂದು. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತಂದೆ. "ವೃದ್ಧರೊಬ್ಬರು ಬಂದರು. ಅವರು ಒಬ್ಬರೇ ಇದ್ದರು. ಅವರು ಗಾಲಿಕುರ್ಚಿ ಕೇಳಿದರು." ಇದು ಇಂಗ್ಲಿಷಿನಲ್ಲಿ ಏನಾಯಿತು ಗೊತ್ತೇ? ಅಪ್ಪನ ವಯಸ್ಸಿನವರನ್ನು 'ಹಿ' ಎಂದು ಬರೆಯಲು ನನ್ನ ಕೈ ಏಳಲಿಲ್ಲ. 'ಅವರು' ಎಂದರೆ 'ದೇ' ಎಂದು ಶಾಲೆಯಲ್ಲಿ ಕಲಿಸಿದ್ದರಲ್ಲ, ಅದನ್ನೇ ಬರೆದೆ. 'ದೇ ವರ್ ಅಲೋನ್.'

ಪರೀಕ್ಷಕರು ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಕೇಳಿದ್ದರು: "ಒಂಟಿಯಾಗಿ ಬಂದವರು ಒಟ್ಟು ಎಷ್ಟು ಜನ?"

ಓದುತ್ತಾ ಹೋದ ಹಾಗೆ ಪಾಪ ಅವರಿಗೆ ತಲೆ ಕೆಟ್ಟಿರಬೇಕು. "ಇಷ್ಟು ಜನಕ್ಕೆ ಒಂದೇ ಗಾಲಿಕುರ್ಚಿಯೇ?" "ಇವರೆಲ್ಲರಿಗೂ ಒಂದೇ ಕಾಲು ಮುರಿದಿತ್ತೇ?" ಒಬ್ಬ ಅಜ್ಜಿಯ ಹೆರಿಗೆ ವಾರ್ಡ್ ಭೇಟಿ, ಅವರ ಕೈಯಲ್ಲಿ ಒಂದು ಮೊಮ್ಮಗು, ಆ ಪುಟದಲ್ಲಿ ಅಜ್ಜಿಯರ ಮೆರವಣಿಗೆಯೇ ಹೊರಟಿತ್ತು. ನನ್ನ ಮೇಲೆ ಮೇಜು ಗುದ್ದಿ ಕೂಗಾಡಿದ್ದ ಒಬ್ಬ ಗುತ್ತಿಗೆದಾರನನ್ನು ಮಾತ್ರ ಉದ್ದಕ್ಕೂ 'ಹಿ' ಎಂದೇ ಬರೆದಿದ್ದೆ. ಸಿಟ್ಟು ಬಂದಾಗ ನನ್ನ ಇಂಗ್ಲಿಷ್ ವ್ಯಾಕರಣ ತಾನಾಗಿ ಸರಿಹೋಗುತ್ತದೆ.

ನಗು ಅಲ್ಲಿಗೆ ಮುಗಿಯಿತು. ಕೊನೆಯ ಪುಟದಲ್ಲಿ ಬರೆದಿದ್ದರು: "ಜನರ ಸಂಖ್ಯೆ ಎಲ್ಲೂ ತಾಳೆಯಾಗುತ್ತಿಲ್ಲ. ದೂರುಗಳು ಕಲ್ಪಿತವೆಂದು ಅನುಮಾನ. ಅನುತ್ತೀರ್ಣ."

ಭಾಷೆ ಬರುವುದಿಲ್ಲ ಎಂದಿದ್ದರೆ ತಲೆ ತಗ್ಗಿಸುತ್ತಿದ್ದೆ. ಸುಳ್ಳು ಎಂದರಲ್ಲ! ಆ ಅಜ್ಜನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿದ್ದಕ್ಕೆ ನಾನು ಪಿನ್ನು ಹಾಕಿ ಕೊಟ್ಟಿದ್ದೇನೆ. ಅವರ ದೂರು ಕಲ್ಪಿತವಂತೆ.

ಮಗಳು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಮುಂದಿನ ವರ್ಷ ಮತ್ತೆ ಕಟ್ಟು. ಅಷ್ಟರಲ್ಲಿ ಎಲ್ಲಾ 'ದೇ'ನೂ 'ಹಿ' ಮಾಡ್ಬಿಡು, ಕಂಪ್ಯೂಟರೇ ಮಾಡುತ್ತೆ, ಒಂದು ಬಟನ್ ಸಾಕು."

"ಮುಂದಿನ ವರ್ಷ ಆ ಕುರ್ಚಿ ಇರಲ್ಲ ಕಣೇ," ಎಂದೆ. "ಅದಕ್ಕೂ ಮೇಲೆ, ಹಾಗೆ ಮಾಡಿದ್ರೆ ಅಜ್ಜಿಯರೂ ಗಂಡಸರಾಗ್ತಾರೆ."

ಮರುಪರಿಶೀಲನೆಗೆ ಅರ್ಜಿ ಹಾಕಲು ಅವಕಾಶವಿತ್ತು. ಹಾಕುವುದೋ ಬಿಡುವುದೋ ಎಂದು ಹಿಂದೆ ಮುಂದೆ ನೋಡುತ್ತಿದ್ದವಳು, ನಿಮಗೆ ಫೇಲಾದ ಸುದ್ದಿ ಹೇಳಿದ ಆ ಭಾನುವಾರ ಹಾಕಿಯೇಬಿಟ್ಟೆ. ಪ್ರತಿಯೊಂದು ದೂರಿನ ಕೆಳಗೂ ಬಂದವರು ಒಬ್ಬರೋ ಇಬ್ಬರೋ, ಗಂಡಸೋ ಹೆಂಗಸೋ ಎಂದು ಸ್ಪಷ್ಟವಾಗಿ ಬರೆದು ಕಳಿಸಿದೆ. ಕಂಪ್ಯೂಟರಿನ ಮುಂದೆ ಮೌಖಿಕ ಪರೀಕ್ಷೆಗೆ ಕೂರಿ ಎಂದು ಉತ್ತರ ಬಂತು. ಅದು ನಿನ್ನೆ ಬೆಳಿಗ್ಗೆ ನಡೆಯಿತು. ರಜೆ ಹಾಕಿ, ಇಸ್ತ್ರಿ ಸೀರೆ ಉಟ್ಟು, ಅಡುಗೆಮನೆಯ ಗೋಡೆಗೆ ಬೆನ್ನು ಹಾಕಿ ಕೂತೆ. ನೆಟ್ ಅಲ್ಲಿ ಮಾತ್ರ ನೆಟ್ಟಗಿರುತ್ತದೆ.

ಪರದೆಯ ಮೇಲೆ ಇಬ್ಬರು ಬಂದರು. ಒಬ್ಬರು ನನ್ನನ್ನು ಫೇಲ್ ಮಾಡಿದ ಟೈ ಕಟ್ಟಿದ ಸಾಹೇಬರು, ಅವರಿಗೆ ಕನ್ನಡ ಬರುವುದಿಲ್ಲ. ಇನ್ನೊಬ್ಬರು ಕನ್ನಡ ಬರುವ ಮೇಡಂ. ಸಾಹೇಬರು ಮೊದಲ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಎಸೆದರು: "ಒಬ್ಬ ವ್ಯಕ್ತಿಯನ್ನು ಹಲವರು ಎಂದು ಯಾಕೆ ಬರೆದಿರಿ?" ಗೌರವಕ್ಕೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಇನ್ನಷ್ಟು ಅರ್ಥವಾಗಲಿಲ್ಲ.

ಆಗ ನಿಮ್ಮ ಅಮ್ಮ ಬಿಸಿನೀರಿಗೆ ಬಂದರು. ಬರಬೇಡಿ ಎಂದು ಮೊದಲೇ ಹೇಳಿದ್ದೆ, ಅದಕ್ಕೇ ಬಂದರು. ನನ್ನ ಹೆಗಲ ಮೇಲಿಂದ ಬಗ್ಗಿ, ಕನ್ನಡಕ ಮೂಗಿನ ತುದಿಗಿಳಿಸಿ, ಸಾಹೇಬರನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಏನಮ್ಮಾ, ಇವರೇನಾ ನಿನ್ನ ಫೇಲ್ ಮಾಡಿದ್ದು? ನೋಡೋಕೆ ಒಳ್ಳೆಯವರ ಥರಾನೇ ಇದಾರಲ್ಲ!"

ಭೂಮಿ ಬಾಯಿ ಬಿಟ್ಟಿದ್ದರೆ ಕುರ್ಚಿ ಸಮೇತ ಇಳಿದುಬಿಡುತ್ತಿದ್ದೆ. ಮೇಡಂ ಬಾಯಿಗೆ ಕರವಸ್ತ್ರ ಹಿಡಿದರು. ಏನಂತೆ ಎಂದು ಸಾಹೇಬರು ಕೇಳಿದರು. ಮೇಡಂ ಒಂದಕ್ಷರ ಬಿಡದೆ, ಒಂದು ವಚನ ಬದಲಿಸದೆ ಇಂಗ್ಲಿಷಿನಲ್ಲಿ ಒಪ್ಪಿಸಿದರು.

"ಆದರೆ ಫೇಲ್ ಮಾಡಿದ್ದು ನಾನೊಬ್ಬನೇ," ಎಂದರು ಸಾಹೇಬರು.

"ಅದೇ ಸರ್. ಆ ತಾಯಿಯ ಬಾಯಲ್ಲಿ ನೀವೂ ಬಹುವಚನ."

ಸಾಹೇಬರು ನಕ್ಕುಬಿಟ್ಟರು. ಆದರೆ ಬಿಡಲಿಲ್ಲ, ಗಟ್ಟಿ ಆಳು. "ಈಗ ನನಗೆ ಅರ್ಥವಾಯಿತು. ನಾಳೆ ನಿಮ್ಮ ವರದಿ ನೋಡಿ ಗಾಲಿಕುರ್ಚಿ ತರಿಸುವವರಿಗೆ ಅರ್ಥವಾಗಬೇಕಲ್ಲ? ಒಬ್ಬರಿಗೆ ಐದು ಕುರ್ಚಿ ಬಂದರೆ ಯಾರ ತಪ್ಪು?"

ನ್ಯಾಯವಾದ ಮಾತು. ನನ್ನದೇ ಸರ್ ಎಂದೆ. ಆಮೇಲೆ ಒಂದೊಂದೇ ದೂರು ಹಿಡಿದು ಜಾಲಾಡಿದರು. ಗುತ್ತಿಗೆದಾರ ಕೂಗಾಡಿದಾಗ ಮೊದಲು ಏನು ಮಾಡಿದಿರಿ? ಸಾಲಿನಲ್ಲಿ ನಿಂತವರನ್ನು ಪಕ್ಕದ ಮೇಜಿಗೆ ಕಳಿಸಿ, ಇವನನ್ನು ಕೂರಿಸಿದೆ. ಕೂತವರ ಗಂಟಲು ನಿಂತವರಷ್ಟು ಏಳುವುದಿಲ್ಲ. ಆಮೇಲೆ? ಹೆಂಡತಿ ಆಪರೇಷನ್ ಕೋಣೆಯಲ್ಲಿದ್ದಾಳೆ, ಯಾರೂ ಏನೂ ಹೇಳುತ್ತಿಲ್ಲ ಎಂದು ಗೊತ್ತಾಯಿತು. ಒಳಗಿಂದ ಸುದ್ದಿ ತರಿಸಿಕೊಟ್ಟೆ. ಹಾಗಾದರೆ ದೂರು ನಿಜವಾಗಿ ಯಾವುದರ ಬಗ್ಗೆ? ಇದಕ್ಕೆ ನಾನು ತಡವರಿಸಿದೆ. ಮೇಜು ಗುದ್ದಿದ್ದನ್ನು 'ಅಸಭ್ಯ ವರ್ತನೆ' ಎಂಬ ತಲೆಬರಹದ ಕೆಳಗೆ ಸೇರಿಸಿದ್ದೆ. ಸೇರಬೇಕಾಗಿದ್ದು 'ಮಾಹಿತಿ ಸಿಗದಿರುವುದು' ಎಂಬಲ್ಲಿ. ಇಷ್ಟು ಕಾಲ ಆ ಮೇಜಿನ ಹಿಂದೆ ಕೂತೂ ನನಗೆ ಅದು ಹೊಳೆದಿರಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ಪಾಸು ಫೇಲು ಎರಡೂ ಮರೆತುಹೋಯಿತು. ಕಲಿಯುವುದೆಂದರೆ ಇದೇ ಏನೋ ಅನ್ನಿಸಿ ಮೈ ಜುಂ ಎಂದಿತು.

ಪ್ರಾಜೆಕ್ಟ್ ಪಾಸಾಯಿತು. ಅಂಕ ಹೇಳಿಕೊಳ್ಳುವಂಥದ್ದಲ್ಲ, ಆದರೆ 'ಕಲ್ಪಿತ' ಎಂಬ ಮಾತನ್ನು ಅಳಿಸಿದರು. ಇನ್ನು ಅಂತಿಮ ಪರೀಕ್ಷೆಯೊಂದು ಉಳಿದಿದೆ. ಅದಕ್ಕೆ ಭಾನುವಾರಗಳಲ್ಲಿ ವಿಶೇಷ ತರಗತಿ ಇಟ್ಟಿದ್ದಾರೆ. ಆಡಳಿತಾಧಿಕಾರಿಗೆ ಇವತ್ತೇ ಹೋಗಿ ಹೇಳಿದೆ. "ಹಾಗಾದ್ರೆ ಹೊರಗಿನವರನ್ನ ಕರೆಯೋದು ಸದ್ಯಕ್ಕೆ ನಿಲ್ಲಿಸ್ತೀನಿ. ಪಾಸಾಗ್ತೀರಾ ತಾನೆ?" ಎಂದರು. "ಆಗ್ತೀನಿ ಸರ್," ಎಂದೆ. ಎಲ್ಲದಕ್ಕೂ 'ನೋಡೋಣ' ಎನ್ನುವವಳ ಬಾಯಲ್ಲಿ ಆ ಮಾತು ಹೇಗೆ ಬಂತೋ. ಬಂದಮೇಲೆ ವಾಪಸ್ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಮನೆಯ ಸುದ್ದಿ: ಮಗಳು ಈಗ ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಾಳೆ, ಒಗೆದದ್ದಕ್ಕಿಂತ ಹೆಚ್ಚು ಹೇಳಿಕೊಳ್ಳುತ್ತಾಳೆ. ಅತ್ತೆ ಬೀದಿಯಲ್ಲಿ ಸಿಕ್ಕವರಿಗೆಲ್ಲ, "ಸೊಸೆ ಪಾಸಾದಳು, ನಾನೇ ಮಾತಾಡಿದೆ," ಎಂದು ಸಾರುತ್ತಿದ್ದಾರೆ. ನೀವು ಬೂಟು ಹಾಕದೆ ಏಣಿ ಹತ್ತಬೇಡಿ. ಅಮ್ಮ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಆಯಸ್ಸು ಗಟ್ಟಿಯಾಗಿರಲಿ, ಸೊಂಟ ಅದಕ್ಕಿಂತ ಗಟ್ಟಿಯಾಗಿರಲಿ ಎಂದು. ಮಗಳ ಮುತ್ತುಗಳು. ನಿಮಗೆ ಎಲ್ಲಾ ಒಳ್ಳೆಯದಾಗಲಿ ಎಂಬ ನನ್ನ ಹಾರೈಕೆ.

ಇಂತಿ ನಿಮ್ಮ,
(ಮಾತಿಗೊಂದು ಪ್ರಾಸ ಕಟ್ಟುತ್ತೇನೆಂದು ನೀವೇ ಹೆಸರಿಟ್ಟ) ಪ್ರಾಸಮ್ಮ

ತಾ.ಕ.: ನಾನು ಫೇಲಾದೆ ಎಂದು ಹೇಳಿದ ಭಾನುವಾರ ನೀವು, "ಹೋಗ್ಲಿ ಬಿಡು, ಬೇಜಾರ್ ಮಾಡ್ಕೋಬೇಡ," ಎಂದಿರಿ. ಆಮೇಲೆ ಫೋನ್ ಕಟ್ ಮಾಡಿದೆನೆಂದುಕೊಂಡು ಜೇಬಿಗೆ ಹಾಕಿದಿರಿ. ಕಟ್ ಆಗಿರಲಿಲ್ಲ. ವೆಲ್ಡರ್ ಅಣ್ಣ ಏನಂತೆ ಎಂದು ಕೇಳಿದ್ದು ನನಗೆ ಕೇಳಿಸಿತು. ನೀವು ಹೇಳಿದ್ದೂ ಕೇಳಿಸಿತು: "ಫೇಲಂತೆ ಅಣ್ಣಾ. ಒಳ್ಳೇದೇ ಆಯ್ತು. ಪಾಸಾಗಿ ಮೇಲೆ ಹೋಗಿ ಕೂತಿದ್ರೆ ಆಮೇಲೆ ನನ್ನ ಮಾತೆಲ್ಲಿ ಕೇಳ್ತಿದ್ಲು?" ಇಬ್ಬರೂ ನಕ್ಕಿರಿ. ನಿಮ್ಮ ನಗು ನನಗೆ ಯಾವಾಗಲೂ ಇಷ್ಟ, ಅದಕ್ಕೇ ಬೇಗ ಗುರುತು ಹಿಡಿದೆ. ಅತ್ತೆಗೆ ಇದನ್ನು ಹೇಳಿಲ್ಲ, ಮಗಳಿಗೂ ಹೇಳಿಲ್ಲ. ಫೋನ್ ಕೆಳಗಿಟ್ಟು ಅರ್ಜಿ ಬರೆಯಲು ಕೂತೆ. ಈ ಭಾನುವಾರ ಫೋನ್ ಮಾಡಿ, ನಾನೇ ಎತ್ತುತ್ತೇನೆ. ತರಗತಿ ಮುಗಿದ ಮೇಲೆ ಮಾಡಿ.